ಆಪರೇಷನ್ ಆಯಿತು, ಕಿಮೋ ಯಾವಾಗ?

ಶ್ವಾಸಕೋಶದ ಕ್ಯಾನ್ಸರಿಗೆ ಆಪರೇಷನ್ ಮಾಡಿಸಿಕೊಂಡು ಊರಿಗೆ ಬಂದವರ ಮನೆಯಲ್ಲಿ ಎರಡು ಮಾತು ಕೇಳಿಬರುತ್ತವೆ. ಮೊದಲ ತಿಂಗಳು, ‘ಗಡ್ಡಿ ಪೂರಾ ತಗದಾರ, ಹೊಲಿಗಿ ಇನ್ನೂ ಮಾಗಿಲ್ಲ, ಇಷ್ಟ ಲಗೂನ ಕಿಮೋ ಯಾಕ?’ ಎರಡು ತಿಂಗಳು ಕಳೆದ ಮೇಲೆ, ‘ಭಾಳ ತಡಾ ಆತು, ಇನ್ನ ಕೊಟ್ಟರ ಏನ ಉಪಯೋಗ?’ ಮೊದಲ ಮಾತಿಗೆ ಕಿಮೋ ಮುಂದಕ್ಕೆ ಹೋಗುತ್ತದೆ, ಎರಡನೇ ಮಾತಿಗೆ ನಿಂತೇ ಹೋಗುತ್ತದೆ. ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಮನೆಗಳಲ್ಲಿ ಈ ಎರಡೂ ಮಾತಿಗೆ ತಕ್ಕ ಉತ್ತರ ಸಿಗಬೇಕು. ಆಪರೇಷನ್ನಿಗೆ ಅಷ್ಟು ಕಷ್ಟಪಟ್ಟು, ಸಾಲ ಮಾಡಿ, ಊರು ಬಿಟ್ಟು ಹೋಗಿ ಬಂದವರು ಅದರ ಮುಂದಿನ ಹೆಜ್ಜೆಯನ್ನು ತಿಳಿವಳಿಕೆಯಿಲ್ಲದೆ ಕಳೆದುಕೊಳ್ಳಬಾರದು.

ಉತ್ತರ ಚಿಕ್ಕದು. ಕಿಮೋ ಬೇಕು ಎಂದು ಕ್ಯಾನ್ಸರ್ ವೈದ್ಯರು ಹೇಳಿದ್ದರೆ ಆಪರೇಷನ್ ಆದ ಆರರಿಂದ ಎಂಟು ವಾರದ ಒಳಗೆ ಮೊದಲ ಡೋಸ್ ಆಗುವಂತೆ ನೋಡಿಕೊಳ್ಳಬೇಕು. ಅದಕ್ಕಿಂತ ಮೊದಲು ಕೊಡಿಸಬೇಕೆಂದು ಆತುರಪಡಬೇಕಿಲ್ಲ. ಎಂಟು ವಾರ ದಾಟಿತೆಂದು ಕೈಬಿಡಲೂಬಾರದು. ಸುಮಾರು ನಾಲ್ಕು ತಿಂಗಳವರೆಗೆ ತಡವಾಗಿ ಶುರು ಮಾಡಿದವರಿಗೂ ಲಾಭವಿದೆ ಎನ್ನುವುದಕ್ಕೆ ಆಧಾರವಿದೆ. ಬಿತ್ತನೆಗೆ ಹದ ಇದ್ದಂತೆ ಇದಕ್ಕೂ ಒಂದು ಹದವಿದೆ. ಒಂದು ವಾರ ಹಿಂದೆಮುಂದೆ ಆದರೆ ಬೆಳೆ ಹೋಗುವುದಿಲ್ಲ, ಹೊಲವನ್ನೇ ಬೀಳುಬಿಟ್ಟರೆ ಮಾತ್ರ ಏನೂ ಕೈಗೆ ಬರುವುದಿಲ್ಲ.

ಗಡ್ಡೆ ತೆಗೆದ ಮೇಲೂ ಔಷಧ ಯಾಕೆ ಎಂಬುದನ್ನು ಮೊದಲು ನೋಡೋಣ. ಸರ್ಜನ್ ಕಣ್ಣಿಗೆ ಕಾಣುವ ಗಡ್ಡೆಯನ್ನೂ ಅದರ ಸುತ್ತಲಿನ ಲಿಂಫ್ ಗಂಟುಗಳನ್ನೂ ತೆಗೆದಿರುತ್ತಾರೆ. ಅಷ್ಟರೊಳಗೆ ರಕ್ತದಲ್ಲೋ ಲಿಂಫ್ ನಾಳದಲ್ಲೋ ಹೊರಟುಹೋದ ಕೆಲವು ಕಣಗಳು ದೇಹದ ಬೇರೆಲ್ಲೋ ಉಳಿದಿರಬಹುದು. ಸಿಟಿ ಸ್ಕ್ಯಾನಿನಲ್ಲಾಗಲಿ ಪೆಟ್ ಸ್ಕ್ಯಾನಿನಲ್ಲಾಗಲಿ ಅವು ಕಾಣುವುದಿಲ್ಲ. ಅವು ಬೇರೂರುವ ಮೊದಲೇ ಕೊಲ್ಲುವುದು ಈ ಕಿಮೋದ ಕೆಲಸ. ಎಲ್ಲರಲ್ಲೂ ಅಂಥ ಕಣ ಉಳಿದಿರುವುದಿಲ್ಲ, ಉಳಿದವರಲ್ಲೂ ಎಲ್ಲವೂ ಸಾಯುವುದಿಲ್ಲ. ಹಾಗಾಗಿ ಲಾಭ ಎಷ್ಟು ಎಂಬುದನ್ನು ಬಣ್ಣ ಹಚ್ಚದೆ ಹೇಳಬೇಕು. ಐದು ದೊಡ್ಡ ಪ್ರಯೋಗಗಳ 4,584 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ 2008ರಲ್ಲಿ ಪ್ರಕಟಿಸಿದ ‘ಲೇಸ್’ ವಿಶ್ಲೇಷಣೆಯಲ್ಲಿ, ಆಪರೇಷನ್ ಬಳಿಕ ಸಿಸ್‌ಪ್ಲಾಟಿನ್ ಸೇರಿದ ಕಿಮೋ ಪಡೆದ ನೂರು ಜನರಲ್ಲಿ ಐದು ವರ್ಷದ ನಂತರ ಬದುಕಿ ಉಳಿದವರು ಕಿಮೋ ಪಡೆಯದವರಿಗಿಂತ ಸುಮಾರು ಐದು ಮಂದಿ ಹೆಚ್ಚು. ನೂರಕ್ಕೆ ಐದು ಎಂದರೆ ಕಡಿಮೆ ಅನ್ನಿಸಬಹುದು. ಆದರೆ ಆ ಐದರಲ್ಲಿ ಒಬ್ಬರು ನಮ್ಮ ಮನೆಯವರಾಗಬಹುದು. ಮೂರು ತಿಂಗಳ ಕಷ್ಟಕ್ಕೆ ಇದು ಸಣ್ಣ ಪ್ರತಿಫಲವಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಎಲ್ಲರಿಗೂ ಕಿಮೋ ಬೇಕಿಲ್ಲ ಎಂಬುದೂ ಅದೇ ವಿಶ್ಲೇಷಣೆಯಿಂದ ಗೊತ್ತಾಯಿತು. ತೀರ ಸಣ್ಣ ಗಡ್ಡೆಯ 1ಎ ಹಂತದವರಲ್ಲಿ ಲಾಭ ಕಾಣಲಿಲ್ಲ, ತಕ್ಕಡಿ ಹಾನಿಯ ಕಡೆಗೇ ವಾಲಿತು. 2 ಮತ್ತು 3ನೇ ಹಂತದವರಿಗೆ ಲಾಭ ಸ್ಪಷ್ಟವಾಗಿತ್ತು. ನಡುವಿನ ಹಂತದಲ್ಲಿ, ಗಡ್ಡೆ 4 ಸೆಂಟಿಮೀಟರಿನ ಆಸುಪಾಸಿದ್ದಾಗ, ವೈದ್ಯರು ರೋಗಿಯ ವಯಸ್ಸು, ಶಕ್ತಿ, ಗಡ್ಡೆಯ ಗುಣ ನೋಡಿ ತೀರ್ಮಾನಿಸುತ್ತಾರೆ. ಆದ್ದರಿಂದ ಪಕ್ಕದ ಊರಿನವರಿಗೆ ಕಿಮೋ ಕೊಡಲಿಲ್ಲ, ನಮಗ್ಯಾಕೆ ಎಂದು ಹೋಲಿಸಿ ನೋಡುವುದು ಬೇಡ. ಉತ್ತರ ನಿಮ್ಮದೇ ಬಯಾಪ್ಸಿ ರಿಪೋರ್ಟಿನಲ್ಲಿದೆ.

ಆ ರಿಪೋರ್ಟನ್ನು ಬಿಡಿಸಿ ನೋಡಿ. ಕೊನೆಯ ಪುಟದಲ್ಲಿ ‘ಪಿಟಿ2ಬಿ, ಪಿಎನ್1’ ಎಂಬಂಥ ಒಂದು ಸಾಲು ಇರುತ್ತದೆ. ‘ಟಿ’ ಪಕ್ಕದ ಅಂಕಿ ಗಡ್ಡೆಯ ಗಾತ್ರ ಹೇಳುತ್ತದೆ. 2ಬಿ ಎಂದರೆ ನಾಲ್ಕರಿಂದ ಐದು ಸೆಂಟಿಮೀಟರ್. ‘ಎನ್’ ಪಕ್ಕದ ಅಂಕಿ ಲಿಂಫ್ ಗಂಟಿನ ಕಥೆ: 0 ಇದ್ದರೆ ಗಂಟಿಗೆ ಹರಡಿಲ್ಲ, 1 ಇದ್ದರೆ ಅದೇ ಶ್ವಾಸಕೋಶದೊಳಗಿನ ಗಂಟಿಗೆ ಬಂದಿದೆ, 2 ಇದ್ದರೆ ಎದೆಯ ನಡುಭಾಗದ ಗಂಟಿಗೆ ತಲುಪಿದೆ. ಕತ್ತರಿಸಿದ ಅಂಚಿನಲ್ಲಿ ಕ್ಯಾನ್ಸರ್ ಕಣ ಉಳಿದಿದೆಯೇ ಇಲ್ಲವೇ ಎಂಬುದೂ ಅಲ್ಲೇ ಬರೆದಿರುತ್ತದೆ. ಟಿ2ಬಿ, ಎನ್1 ಎಂದರೆ 2ಬಿ ಹಂತ. ಅಂಥವರಿಗೆ ಸಾಮಾನ್ಯವಾಗಿ ಕಿಮೋ ಹೇಳುತ್ತಾರೆ. ಇಂಗ್ಲಿಷ್ ಬರುವ ಮೊಮ್ಮಗಳೋ ಮಗನೋ ಈ ಒಂದು ಸಾಲನ್ನು ಓದಿ ಹಾಳೆಯೊಂದರಲ್ಲಿ ಬರೆದಿಟ್ಟುಕೊಂಡರೆ ಮುಂದೆ ಯಾವ ಆಸ್ಪತ್ರೆಗೆ ಹೋದರೂ ಮಾತು ಅಲ್ಲಿಂದಲೇ ಶುರುವಾಗುತ್ತದೆ.

ಇನ್ನು ಹದದ ಲೆಕ್ಕ. ಕಿಮೋದ ಲಾಭವನ್ನು ಸಾಬೀತುಪಡಿಸಿದ ಪ್ರಯೋಗಗಳಲ್ಲೇ ಆರರಿಂದ ಎಂಟು ವಾರದೊಳಗೆ ಶುರು ಮಾಡಬೇಕೆಂಬ ನಿಯಮವಿತ್ತು. ವೈದ್ಯರ ರೂಢಿ ಅಲ್ಲಿಂದ ಬಂತು. ತಡವಾದವರ ಗತಿ ಏನು ಎಂಬ ಪ್ರಶ್ನೆಗೆ 2017ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವೈದ್ಯರು 12,473 ರೋಗಿಗಳ ದಾಖಲೆ ನೋಡಿ ಉತ್ತರ ಹುಡುಕಿದರು. ಆಪರೇಷನ್ ಆದ 50ನೇ ದಿನದ ಆಸುಪಾಸು ಶುರು ಮಾಡಿದವರಲ್ಲಿ ಸಾವಿನ ಅಪಾಯ ಅತಿ ಕಡಿಮೆ ಇತ್ತು. ಅದಕ್ಕೂ ಮೊದಲೇ ಆರಂಭಿಸಿದವರಿಗೆ ಹೆಚ್ಚಿನ ಲಾಭವೇನೂ ಕಾಣಲಿಲ್ಲ. 57ರಿಂದ 127 ದಿನಗಳ ನಡುವೆ, ಅಂದರೆ ತಡವಾಗಿ, ಶುರು ಮಾಡಿದವರು ಸಕಾಲಕ್ಕೆ ಪಡೆದವರಿಗಿಂತ ಗಮನಾರ್ಹವಾಗಿ ಹಿಂದೆ ಬೀಳಲಿಲ್ಲ. ಆಪರೇಷನ್ನಿಗೇ ನಿಲ್ಲಿಸಿ ಕಿಮೋ ಪಡೆಯದವರಿಗಿಂತ ಇವರ ಸ್ಥಿತಿ ಚೆನ್ನಾಗಿತ್ತು. ಕೆನಡಾದ ಒಂಟಾರಿಯೊ ಪ್ರಾಂತದ ದಾಖಲೆಗಳಲ್ಲೂ ಸುಮಾರು ಮೂರನೇ ಒಂದು ಭಾಗದ ರೋಗಿಗಳು ಹತ್ತು ವಾರ ದಾಟಿ ಕಿಮೋ ಶುರು ಮಾಡಿದ್ದರು. ತಡವಾಯಿತೆಂದು ಅವರ ಆಯುಷ್ಯ ಕಡಿಮೆಯಾದದ್ದು ಕಂಡುಬರಲಿಲ್ಲ. ಇವು ಹಳೆಯ ದಾಖಲೆ ತೆಗೆದು ನೋಡಿದ ಅಧ್ಯಯನಗಳು, ಚೀಟಿ ಎತ್ತಿ ಗುಂಪು ಮಾಡಿದ ಪ್ರಯೋಗಗಳಲ್ಲ. ತಡವಾದರೂ ಕಿಮೋ ತಡೆದುಕೊಂಡವರು ಮೊದಲೇ ಗಟ್ಟಿಮುಟ್ಟಾಗಿದ್ದವರಿರಬಹುದು. ಆದ್ದರಿಂದ ಇವನ್ನು ಸುಮ್ಮನೆ ಕೂರಲು ಕಾರಣ ಮಾಡಿಕೊಳ್ಳಬೇಡಿ. ಗಾಯ ಕೀತುಕೊಂಡೋ ನ್ಯುಮೋನಿಯಾ ಆಗಿಯೋ ನಿಜವಾಗಿ ತಡವಾದವರು ಧೈರ್ಯ ಕಳೆದುಕೊಳ್ಳದಿರಲು ಮಾತ್ರ ಇವು ಸಾಕು. ಮೂರನೇ ತಿಂಗಳಲ್ಲಿದ್ದೀರಿ ಎಂದಾದರೆ ಈ ವಾರವೇ ಫೈಲು ತೆಗೆದುಕೊಂಡು ಕ್ಯಾನ್ಸರ್ ವೈದ್ಯರ ಬಳಿ ಹೋಗಿ.

ವಾರಗಳು ಸೋರಿಹೋಗುವ ಜಾಗ

ನಮ್ಮ ಗಡಿ ತಾಲೂಕುಗಳಲ್ಲಿ ತಡವಾಗುವುದು ಬಹುಪಾಲು ದೇಹದ ಅಶಕ್ತತೆಯಿಂದಲ್ಲ, ಆಸ್ಪತ್ರೆಯಿಂದ ಆಸ್ಪತ್ರೆಗೆ ದಾಟುವಾಗ. ಆಪರೇಷನ್ ಒಂದು ಕಡೆ, ಕಿಮೋ ಇನ್ನೊಂದು ಕಡೆ ಎಂಬುದು ಇಲ್ಲಿ ಸಾಮಾನ್ಯ. ಆಪರೇಷನ್ನಿಗೆ ಮುಂಬೈಯ ಟಾಟಾ ಮೆಮೋರಿಯಲ್, ಬೆಂಗಳೂರಿನ ಕಿದ್ವಾಯಿ, ಪುಣೆ, ಬೆಳಗಾವಿ ಎಂದು ಹೋಗುತ್ತಾರೆ. ಕಿಮೋಗೆ ಹತ್ತಿರದ ಊರು ನೋಡುತ್ತಾರೆ. ಕಾಗವಾಡದವರಿಗೆ ಮಿರಜ ಬೆಳಗಾವಿಗಿಂತ ಎಷ್ಟೋ ಹತ್ತಿರ. ಅಲ್ಲಿ ಸಿದ್ಧಿವಿನಾಯಕ ಗಣಪತಿ ಕ್ಯಾನ್ಸರ್ ಆಸ್ಪತ್ರೆ ಇದೆ. ನಿಪ್ಪಾಣಿಯವರಿಗೆ ಹೆದ್ದಾರಿ ಹಿಡಿದರೆ ಕೊಲ್ಹಾಪುರ ಕ್ಯಾನ್ಸರ್ ಸೆಂಟರ್ ಇದೆ. ಚಿಕ್ಕೋಡಿ, ರಾಯಬಾಗದವರು ಬೆಳಗಾವಿಯ ಕಡೆ ನೋಡುತ್ತಾರೆ. ಅಲ್ಲಿ ಕೆಎಲ್‌ಇ ಸಂಸ್ಥೆಯ ಹೊಸ ಕ್ಯಾನ್ಸರ್ ಆಸ್ಪತ್ರೆಯನ್ನು 2025ರ ಜನವರಿ 3ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಉದ್ಘಾಟಿಸಿದರು. ಅಥಣಿಯ ಪೂರ್ವದ ಹಳ್ಳಿಗಳಿಗೆ ವಿಜಯಪುರವೂ ದೂರವಲ್ಲ. ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ ಹೋಗುವವರೂ ಇದ್ದಾರೆ. ಕಿಮೋ ಹತ್ತಿರದಲ್ಲಿ ಪಡೆಯುವುದು ತಪ್ಪಲ್ಲ. ನಾಲ್ಕು ಬಾರಿ ಹೋಗಿಬರಬೇಕು, ನಡುವೆ ಜ್ವರ ಬಂದರೆ ಓಡಬೇಕು, ಹತ್ತಿರವೇ ಒಳ್ಳೆಯದು. ಆದರೆ ಕಾಗದಪತ್ರ ನಿಮ್ಮ ಜೊತೆಗೇ ಬರಬೇಕು.

ಏನಾಗುತ್ತದೆ ಎಂದರೆ, ಆಪರೇಷನ್ ಆಗಿ ವಾರದೊಳಗೆ ಡಿಸ್ಚಾರ್ಜ್ ಮಾಡುತ್ತಾರೆ. ‘ರಿಪೋರ್ಟ್ ಬರಲಿಕ್ಕೆ ಎಂಟು ಹತ್ತು ದಿನ ಬೇಕು’ ಎನ್ನುತ್ತಾರೆ. ಹೊಲಿಗೆಯನ್ನು ಊರಿನ ಡಾಕ್ಟರ ಹತ್ತಿರವೇ ಬಿಚ್ಚಿಸುತ್ತಾರೆ. ರಿಪೋರ್ಟ್ ತರಲು ಮುಂಬೈಗೋ ಬೆಂಗಳೂರಿಗೋ ಹೋಗಬೇಕಾದ ಮಗ ಕಬ್ಬಿನ ಟೋಳಿ ಬಂತೆಂದು ಒಂದು ವಾರ ನಿಲ್ಲುತ್ತಾನೆ. ರಿಪೋರ್ಟ್ ಬಂದ ಮೇಲೆ ‘ಜೀನ್ ಟೆಸ್ಟ್ ಮಾಡಿಸಿರಿ’ ಎನ್ನುತ್ತಾರೆ. ಅದಕ್ಕೆ ಬೇಕಾದ ಮೇಣದ ಬ್ಲಾಕ್ ಆಪರೇಷನ್ ಆದ ಆಸ್ಪತ್ರೆಯ ಲ್ಯಾಬಿನಲ್ಲೇ ಉಳಿದಿರುತ್ತದೆ. ಮತ್ತೊಮ್ಮೆ ಓಡಾಟ. ಅದರ ಫಲಿತಾಂಶಕ್ಕೆ ಮತ್ತೆ ಎರಡು ಮೂರು ವಾರ. ಹೀಗೆ ಯಾರೂ ಬೇಕೆಂದು ತಡಮಾಡದೆಯೇ ಹತ್ತು ಹನ್ನೆರಡು ವಾರ ಕಳೆದುಹೋಗಿರುತ್ತದೆ.

ಇದನ್ನು ತಡೆಯುವ ದಾರಿ ಡಿಸ್ಚಾರ್ಜ್ ಆಗುವ ದಿನವೇ ಇದೆ. ಆಸ್ಪತ್ರೆ ಬಿಡುವ ಮೊದಲು ಬಯಾಪ್ಸಿ ರಿಪೋರ್ಟ್ ಯಾವ ದಿನ ಸಿಗುತ್ತದೆ, ಫೋನಿನಲ್ಲಿ ಕಳಿಸುತ್ತಾರೆಯೇ ಎಂದು ಕೇಳಿ. ಬ್ಲಾಕನ್ನು ಪಡೆಯಲು ಏನು ಅರ್ಜಿ ಕೊಡಬೇಕು ಎಂದು ಕೇಳಿ. ಬ್ಲಾಕ್ ಎಂದರೆ ಗಡ್ಡೆಯ ತುಣುಕನ್ನು ಮೇಣದಲ್ಲಿ ಅಚ್ಚು ಹಾಕಿಟ್ಟ ಚಿಕ್ಕ ಚಪ್ಪಟೆ ತುಂಡು. ವರ್ಷಗಟ್ಟಲೆ ಕೆಡುವುದಿಲ್ಲ, ಬಿಸಿಲಿಗೆ ಮಾತ್ರ ಇಡಬಾರದು. ಹಂತ ನೋಡಿ ಜೀನ್ ಪರೀಕ್ಷೆ ಬೇಕೆನಿಸಿದರೆ ಅಲ್ಲಿಂದಲೇ ನೇರವಾಗಿ ಲ್ಯಾಬಿಗೆ ಕಳಿಸಲಾದೀತೇ ಎಂದು ವಿಚಾರಿಸಿ. ಕಿಮೋ ಕೊಡುವವರು ಸರ್ಜನ್ ಅಲ್ಲ, ಮೆಡಿಕಲ್ ಆಂಕಾಲಜಿಸ್ಟ್. ಅವರ ಭೇಟಿಯನ್ನು ಮೂರನೇ ವಾರದಲ್ಲೇ ಗೊತ್ತುಮಾಡಿ. ‘ಮೈಯಾಗ ಒಂದೀಟ ತಾಕತ್ತ ಬರ್ಲಿ, ಆಮ್ಯಾಲ ಹೋಗೂಣು’ ಎಂದು ಮುಂದೂಡುವುದೇ ದೊಡ್ಡ ಸೋರಿಕೆ. ತಾಕತ್ತು ಬಂದಿದೆಯೇ ಎಂದು ಹೇಳಬೇಕಾದವರು ಅವರೇ. ಮೊದಲ ಭೇಟಿಯ ದಿನವೇ ಸೂಜಿ ಚುಚ್ಚುವುದಿಲ್ಲ.

ಜೀನ್ ಪರೀಕ್ಷೆಯ ಬಗ್ಗೆ ಎರಡು ಮಾತು. ಭಾರತದ ಶ್ವಾಸಕೋಶ ಕ್ಯಾನ್ಸರ್ ರೋಗಿಗಳಲ್ಲಿ, ಅಡಿನೋಕಾರ್ಸಿನೋಮ ಎಂಬ ಬಗೆಯವರಲ್ಲಿ, ಸುಮಾರು ಕಾಲು ಭಾಗ ಅಥವಾ ಅದಕ್ಕೂ ಹೆಚ್ಚು ಜನರಿಗೆ ಇಜಿಎಫ್‌ಆರ್ ಎಂಬ ಜೀನಿನಲ್ಲಿ ಬದಲಾವಣೆ ಇರುತ್ತದೆ. ಬೀಡಿ ಸೇದದವರಲ್ಲಿ, ಹೆಂಗಸರಲ್ಲಿ ಇದು ಇನ್ನೂ ಹೆಚ್ಚು. ಅಂಥವರಿಗೆ ಆಪರೇಷನ್ ಬಳಿಕ ಓಸಿಮರ್ಟಿನಿಬ್ ಮಾತ್ರೆಯನ್ನು ಮೂರು ವರ್ಷ ಕೊಟ್ಟಾಗ ಐದು ವರ್ಷದಲ್ಲಿ ನೂರಕ್ಕೆ 88 ಮಂದಿ ಬದುಕಿದ್ದರು, ಮಾತ್ರೆ ಪಡೆಯದವರಲ್ಲಿ 78 ಮಂದಿ ಎಂದು ‘ಅಡೋರಾ’ ಪ್ರಯೋಗ 2023ರಲ್ಲಿ ತೋರಿಸಿತು. ಆ ಪ್ರಯೋಗದಲ್ಲೂ ಬಹಳ ಮಂದಿ ಮೊದಲು ಕಿಮೋ ಮುಗಿಸಿ ನಂತರ ಮಾತ್ರೆ ತೆಗೆದುಕೊಂಡರು. ಮಾತ್ರೆ ದುಬಾರಿ. ಎಎಲ್‌ಕೆ ಜೀನಿನ ಬದಲಾವಣೆ ಇದ್ದವರಿಗೆ ಬೇರೆ ಮಾತ್ರೆ, ಕೆಲವರಿಗೆ ಕಿಮೋ ಮುಗಿದ ಮೇಲೆ ಇಮ್ಯುನೋಥೆರಪಿ. ಜೀನ್ ರಿಪೋರ್ಟ್ ಬಂದಿಲ್ಲ ಎಂಬ ಒಂದೇ ಕಾರಣಕ್ಕೆ ಕಿಮೋ ನಿಲ್ಲಿಸಬೇಕೇ ಎಂದು ವೈದ್ಯರನ್ನು ನೇರವಾಗಿ ಕೇಳಿ. ಬಹಳ ಸಲ ಎರಡನ್ನೂ ಜೊತೆಜೊತೆಗೇ ನಡೆಸಬಹುದು. ಇತ್ತೀಚೆಗೆ ಕೆಲವರಿಗೆ ಆಪರೇಷನ್ನಿಗೆ ಮೊದಲೇ ಮೂರು ನಾಲ್ಕು ಡೋಸ್ ಕಿಮೋ, ಇಮ್ಯುನೋಥೆರಪಿ ಕೊಡುತ್ತಾರೆ. ಅಂಥವರ ಲೆಕ್ಕವೇ ಬೇರೆ, ಈ ಬರಹದ ವಾರಗಳನ್ನು ಅವರಿಗೆ ಹಚ್ಚಬಾರದು.

ಒಂದು ಕ್ಯಾಲೆಂಡರ್

ಉದಾಹರಣೆಗೆ ಜೂನ್ 10ರಂದು ಆಪರೇಷನ್ ಆಯಿತು ಎಂದಿಟ್ಟುಕೊಳ್ಳೋಣ. ಆರು ವಾರ ಎಂದರೆ ಜುಲೈ 22, ಎಂಟು ವಾರ ಎಂದರೆ ಆಗಸ್ಟ್ 5. ಐವತ್ತನೇ ದಿನ ಜುಲೈ 30. ಜೂನ್ ಕೊನೆಗೆ ಬಯಾಪ್ಸಿ ರಿಪೋರ್ಟ್ ಕೈಯಲ್ಲಿರಬೇಕು, ಜುಲೈ ಮೊದಲ ವಾರ ಕ್ಯಾನ್ಸರ್ ವೈದ್ಯರನ್ನು ಕಂಡಿರಬೇಕು. ಜುಲೈ 30ಕ್ಕೆ ಮೊದಲ ಡೋಸ್ ಆದರೆ, 21 ದಿನಕ್ಕೊಂದರಂತೆ ಆಗಸ್ಟ್ 20, ಸೆಪ್ಟೆಂಬರ್ 10, ಅಕ್ಟೋಬರ್ 1. ಸಾಮಾನ್ಯವಾಗಿ ನಾಲ್ಕೇ ಡೋಸ್. ನಿಮ್ಮ ತಾರೀಖನ್ನು ಹೀಗೆ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಮದುವೆ, ಜಾತ್ರೆ, ನಾಟಿ, ಕಟಾವು ಎಲ್ಲಿ ಅಡ್ಡ ಬರುತ್ತವೆ ಎಂಬುದು ಆಗಲೇ ಕಾಣುತ್ತದೆ.

ಮೊದಲ ಡೋಸಿಗೆ ಮುಂಚಿನ ವಾರವನ್ನು ಬಹಳ ಜನ ಲೆಕ್ಕಕ್ಕೆ ಹಿಡಿಯುವುದಿಲ್ಲ. ಪೆಮೆಟ್ರೆಕ್ಸೆಡ್ ಎಂಬ ಔಷಧ ಕೊಡುವುದಾದರೆ ಅದಕ್ಕೆ ಒಂದು ವಾರ ಮೊದಲು ಬಿ12 ಇಂಜೆಕ್ಷನ್ ಆಗಿರಬೇಕು, ಐದಾರು ದಿನ ಮೊದಲಿನಿಂದ ದಿನವೂ ಫೋಲಿಕ್ ಆಮ್ಲದ ಮಾತ್ರೆ ನುಂಗುತ್ತಿರಬೇಕು. ಇವು ತಪ್ಪಿದರೆ ರಕ್ತಕಣಗಳಿಗೆ, ಬಾಯಿಯ ಒಳಚರ್ಮಕ್ಕೆ ಔಷಧ ವಿಪರೀತ ಪೆಟ್ಟು ಕೊಡುತ್ತದೆ. ಹಾಗಾಗಿ ಆಸ್ಪತ್ರೆಯವರು ಡೋಸನ್ನೇ ಮುಂದೂಡಬೇಕಾದೀತು. ನಮ್ಮ ಲೆಕ್ಕದಲ್ಲಿ ಆ ಇಂಜೆಕ್ಷನ್ ಜುಲೈ 23ಕ್ಕೆ. ಮತ್ತೊಂದು ಒಂಬತ್ತು ವಾರ ಬಿಟ್ಟು, ಸೆಪ್ಟೆಂಬರ್ 24ಕ್ಕೆ. ಇದನ್ನು ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಹಾಕಿಸಿಕೊಳ್ಳಬಹುದೇ ಎಂದು ಕೇಳಿದರೆ ಒಂದು ಓಡಾಟ ಉಳಿಯುತ್ತದೆ. ಡೋಸಿನ ಹಿಂದಿನ ದಿನ, ಅದೇ ದಿನ, ಮಾರನೇ ದಿನ ಡೆಕ್ಸಾಮೆಥಾಸೋನ್ ಮಾತ್ರೆ ಕೊಡುತ್ತಾರೆ. ಸಕ್ಕರೆ ಕಾಯಿಲೆ ಇರುವವರಲ್ಲಿ ಆ ಮೂರು ದಿನ ಸಕ್ಕರೆ ಏರುತ್ತದೆ. ಮೊದಲೇ ಹೇಳಿದರೆ ವೈದ್ಯರು ಇನ್ಸುಲಿನ್ ಹೊಂದಿಸುತ್ತಾರೆ.

ಸಿಸ್‌ಪ್ಲಾಟಿನ್ ಮೂತ್ರಪಿಂಡ ಮತ್ತು ಕಿವಿಯ ಮೇಲೆ ಭಾರ ಹಾಕುವ ಔಷಧ. ಕಿಡ್ನಿಯ ಸ್ಥಿತಿ ತೋರಿಸುವ ಕ್ರಿಯೇಟಿನಿನ್ ರಕ್ತಪರೀಕ್ಷೆ ನೋಡದೆ ಕೊಡುವುದಿಲ್ಲ. ಕಿಡ್ನಿ ಸರಿಯಿಲ್ಲದವರಿಗೆ, ಮೊದಲೇ ಕಿವಿ ಮಂದವಾದವರಿಗೆ ಕಾರ್ಬೊಪ್ಲಾಟಿನ್ ಆರಿಸುತ್ತಾರೆ. ಆದ್ದರಿಂದ ಒಂದು ಮಾತನ್ನು ಒತ್ತಿ ಹೇಳಬೇಕಿದೆ. ಎದೆ ತೆರೆದು ಆಪರೇಷನ್ ಮಾಡಿದವರಿಗೆ ಪಕ್ಕೆಲುಬಿನ ಗುಂಟ ಉರಿ, ಚುಚ್ಚಿದಂಥ ನೋವು ತಿಂಗಳುಗಟ್ಟಲೆ ಉಳಿಯಬಹುದು. ನೋವು ಹೆಚ್ಚಾದಾಗ ಊರಿನಲ್ಲಿ ‘ಬ್ಯಾನಿ ಇಂಜೆಕ್ಷನ್’ ಹಾಕಿಸಿಕೊಳ್ಳುವುದು ನಮ್ಮ ಕಡೆ ರೂಢಿ. ಅದರಲ್ಲಿ ಹೆಚ್ಚಾಗಿ ಇರುವುದು ಡೈಕ್ಲೊಫೆನಾಕ್. ಸಿಸ್‌ಪ್ಲಾಟಿನ್, ಪೆಮೆಟ್ರೆಕ್ಸೆಡ್ ನಡೆಯುವಾಗ ಅದು, ಐಬುಪ್ರೊಫೆನ್ ಮಾತ್ರೆ, ಹೆಸರಿಲ್ಲದ ಪುಡಿ, ಕಷಾಯ, ಭಸ್ಮ ಇವೆಲ್ಲ ಕಿಡ್ನಿಗೆ ಅಪಾಯ. ನರದ ನೋವಿಗೆ ಬೇರೆ ಮಾತ್ರೆಗಳಿವೆ, ಕ್ಯಾನ್ಸರ್ ವೈದ್ಯರನ್ನೇ ಕೇಳಿ. ಆ ನೋವು ಇದೆ ಎಂಬುದೊಂದೇ ಕಿಮೋ ಮುಂದೂಡಲು ಕಾರಣವಾಗಬಾರದು.

ಕಾಯುವ ವಾರಗಳಲ್ಲಿ ದೇಹವನ್ನು ಸಜ್ಜು ಮಾಡಬೇಕು. ಉಸಿರಾಟದ ವ್ಯಾಯಾಮಕ್ಕೆ ಮೂರು ಚೆಂಡಿನ ಸ್ಪೈರೋಮೀಟರ್ ಕೊಟ್ಟು ಕಳಿಸಿರುತ್ತಾರೆ. ಬಹಳ ಮನೆಗಳಲ್ಲಿ ಅದು ಎರಡನೇ ವಾರಕ್ಕೆ ಮಕ್ಕಳ ಆಟಿಕೆಯಾಗಿರುತ್ತದೆ. ಅದನ್ನು ನೆಟ್ಟಗೆ ಹಿಡಿದು, ಊದದೆ, ನಿಧಾನವಾಗಿ ಎಳೆಯಬೇಕು. ಮೊದಲ ಚೆಂಡು ಎದ್ದು ಅಲ್ಲೇ ತೇಲುವಂತೆ ಎಳೆದು, ಕೊಂಚ ಹೊತ್ತು ಉಸಿರು ಹಿಡಿದು ಬಿಡಬೇಕು. ಎಚ್ಚರವಿರುವ ಪ್ರತಿ ತಾಸಿಗೆ ಹತ್ತು ಸಲ. ಬೆಳಿಗ್ಗೆ ಸಂಜೆ ಅಂಗಳದಲ್ಲಿ ನಡೆದಾಡಬೇಕು. ಹಗಲಿನ ಅರ್ಧಕ್ಕಿಂತ ಹೆಚ್ಚು ಹೊತ್ತು ಹಾಸಿಗೆ ಬಿಟ್ಟು ಓಡಾಡುತ್ತಾರೆಯೇ, ತಮ್ಮ ಸ್ನಾನ ಊಟ ತಾವೇ ಮಾಡುತ್ತಾರೆಯೇ ಎಂಬುದನ್ನು ವೈದ್ಯರು ಕಿಮೋಗೆ ಮೊದಲು ಖಂಡಿತ ನೋಡುತ್ತಾರೆ. ಊಟಕ್ಕೆ ರೊಟ್ಟಿ, ಬೇಳೆ, ಮೊಟ್ಟೆ, ಹಾಲು, ಶೇಂಗಾ ಹಿಂಡಿ ಎಲ್ಲವೂ ಸಾಕು; ತೂಕ ಇಳಿಯಬಾರದು. ಹುಳುಕು ಹಲ್ಲಿದ್ದರೆ ಈಗಲೇ ತೋರಿಸಿಕೊಳ್ಳಿ.

ತಂಬಾಕಿನ ನೆಲದಲ್ಲಿ ಈ ಮಾತು ಬಿಡುವಂತಿಲ್ಲ. ನಿಪ್ಪಾಣಿ ಭಾಗದ ಬದುಕು ಬೀಡಿ ತಂಬಾಕಿನ ಸುತ್ತ ಕಟ್ಟಿಕೊಂಡದ್ದು. 1981ರಲ್ಲಿ ಶರದ್ ಜೋಶಿಯವರ ನೇತೃತ್ವದಲ್ಲಿ ಬೆಲೆಗಾಗಿ ಬೆಳೆಗಾರರು ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಕೂತು, ಗೋಲಿಬಾರಿನಲ್ಲಿ ಜೀವ ತೆತ್ತ ನೆಲ ಇದು. ತಂಬಾಕು ಬೆಳೆದವರನ್ನು, ಬೀಡಿ ಕಟ್ಟಿದ ಹೆಣ್ಣುಮಕ್ಕಳನ್ನು ‘ನಿಮ್ಮ ಕರ್ಮ’ ಎಂದು ಚುಚ್ಚುವುದು ಅನ್ಯಾಯ. ಎಂದೂ ಸೇದದವರಿಗೂ ಈ ಕ್ಯಾನ್ಸರ್ ಬರುತ್ತದೆ. ಆದರೆ ಆಪರೇಷನ್ ಆದ ಮೇಲೆ ಬೀಡಿ, ಸಿಗರೇಟು ನಿಲ್ಲಲೇಬೇಕು. ಸೇದುವುದು ಮುಂದುವರಿದರೆ ಗಾಯ ಮಾಗುವುದು ನಿಧಾನ, ನ್ಯುಮೋನಿಯಾ ಭಯ ಹೆಚ್ಚು, ಕಿಮೋದ ತಾರೀಖೂ ಮುಂದಕ್ಕೆ ಹೋಗುತ್ತದೆ. ತಂಬಾಕು ಜಗಿಯುವುದೂ ಮಶೇರಿ ತಿಕ್ಕುವುದೂ ಬೇಡ. ಕಿಮೋದಿಂದ ಬಾಯಿ ಹುಣ್ಣಾದಾಗ ಅವು ಬೆಂಕಿಯಿಟ್ಟಂತಾಗುತ್ತವೆ. ತಂಬಾಕು ಒಣಗಿಸಿ ಕುಟ್ಟುವ ಮನೆಯಾದರೆ ರೋಗಿಯ ಹಾಸಿಗೆಯನ್ನು ಧೂಳಿನಿಂದ ದೂರ ಹಾಕಿ. ಬಿಡಲು ಕಷ್ಟವಾದವರಿಗೆ ಸರ್ಕಾರದ ಉಚಿತ ಸಹಾಯವಾಣಿ ಇದೆ: 1800-11-2356.

ದುಡ್ಡಿನ ಕಾಗದ

ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಗಡಿ ತಾಲೂಕಿನವರು ಎಚ್ಚರ ವಹಿಸಬೇಕಾದದ್ದು ಇಲ್ಲಿ. ಮಿರಜ, ಕೊಲ್ಹಾಪುರದ ಆಸ್ಪತ್ರೆಗೆ ಹೋಗುವ ಮೊದಲು ಅದು ಕರ್ನಾಟಕದ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿನ ಪಟ್ಟಿಯಲ್ಲಿದೆಯೇ, ಆಪರೇಷನ್ನಿಗೆ ನಡೆದ ಕಾರ್ಡು ಕಿಮೋಗೂ ನಡೆಯುತ್ತದೆಯೇ ಎಂಬ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳಿ. ಆಸ್ಪತ್ರೆಯ ಆರೋಗ್ಯಮಿತ್ರರು ಇದಕ್ಕೇ ಇರುವವರು. 14555ಕ್ಕೆ ಫೋನ್ ಮಾಡಿಯೂ ವಿಚಾರಿಸಬಹುದು. ಸಹಕಾರ ಸಂಘದ ಯಶಸ್ವಿನಿ ಕಾರ್ಡಿನವರೂ ಹೀಗೇ ಕೇಳಿ ಖಚಿತ ಮಾಡಿಕೊಳ್ಳಿ. ಮಂಜೂರಾತಿ ಬರಲು ದಿನ ಹಿಡಿಯಬಹುದು, ಹಾಗಾಗಿ ಐದನೇ ವಾರದ ಕೊನೆಗೆ ಕಾಗದ ಆಸ್ಪತ್ರೆಯ ಟೇಬಲ್ ಮೇಲಿರಲಿ. ಕರ್ನಾಟಕ ಸರ್ಕಾರ 2025ರಲ್ಲಿ ಹಲವು ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ ಕೇರ್ ಕಿಮೋಥೆರಪಿ ಕೇಂದ್ರಗಳನ್ನು ತೆರೆದಿದೆ. ಮೊದಲ ಡೋಸ್ ದೊಡ್ಡ ಆಸ್ಪತ್ರೆಯಲ್ಲಿ ಆದ ಮೇಲೆ ಉಳಿದವನ್ನು ಅಂಥಲ್ಲಿ ಪಡೆಯಬಹುದೇ ಎಂದು ಕೇಳುವುದರಲ್ಲಿ ನಷ್ಟವಿಲ್ಲ.

ಓಡಾಟಕ್ಕೆ ರೈಲು ನೆನಪಿರಲಿ. ಮಿರಜ–ಬೆಳಗಾವಿ ಮಾರ್ಗ ಶೇಡಬಾಳ, ಉಗಾರ ಖುರ್ದ, ಕುಡಚಿ, ಚಿಂಚಲಿ, ರಾಯಬಾಗ, ಚಿಕ್ಕೋಡಿ ರೋಡ್, ಘಟಪ್ರಭಾ ದಾಟಿ ಹೋಗುತ್ತದೆ. ಆಸ್ಪತ್ರೆಯ ವೈದ್ಯರು ಸಹಿ ಮಾಡಿದ ನಮೂನೆ ತೋರಿಸಿದರೆ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಮೂರನೇ ದರ್ಜೆಯ ಎಸಿಯಲ್ಲಿ ಪೂರ್ತಿ ರಿಯಾಯಿತಿ, ಜೊತೆಗಿರುವ ಒಬ್ಬರಿಗೆ ಶೇ 75. ಡೋಸ್ ಪಡೆದು ಬಸ್ಸಿನಲ್ಲಿ ತೂಗಾಡುತ್ತಾ ವಾಂತಿ ಮಾಡಿಕೊಂಡು ಬರುವುದಕ್ಕಿಂತ ಮಲಗಿಕೊಂಡು ಬರುವುದು ಎಷ್ಟೋ ಮೇಲು.

ಹೊಳೆ ಮತ್ತು ಜ್ವರ

ಕಿಮೋ ಆದ ಏಳನೇ ದಿನದಿಂದ ಹದಿನಾಲ್ಕನೇ ದಿನದವರೆಗೆ ರಕ್ತದ ಬಿಳಿಕಣಗಳು ತೀರ ಇಳಿದಿರುತ್ತವೆ. ಆಗ ಬರುವ ಜ್ವರ ಸಾಮಾನ್ಯ ಜ್ವರವಲ್ಲ. ಥರ್ಮಾಮೀಟರಿನಲ್ಲಿ 100.4 ಡಿಗ್ರಿ ಅಥವಾ ಹೆಚ್ಚು ತೋರಿಸಿದರೆ, ನಡುಕ ಬಂದರೆ, ಕ್ರೋಸಿನ್ ಕೊಟ್ಟು ಬೆಳಗಾಗಲಿ ಎಂದು ಕಾಯಬಾರದು. ಕೆಲವೇ ತಾಸುಗಳಲ್ಲಿ ಪ್ರಾಣಕ್ಕೆ ಬರುವ ಸೋಂಕು ಅದಾಗಿರಬಹುದು. ರಾತ್ರಿ ಎರಡು ಗಂಟೆಯಾದರೂ ಆಸ್ಪತ್ರೆಗೆ ಹೊರಡಬೇಕು, ರಕ್ತಪರೀಕ್ಷೆಯಾಗಿ ನರದಲ್ಲಿ ಆಂಟಿಬಯೋಟಿಕ್ ಶುರುವಾಗಬೇಕು. ಆ ದಿನಗಳಲ್ಲಿ ಚಿಂಚಲಿ ಮಾಯಕ್ಕನ ಜಾತ್ರೆಯಂಥ ಗದ್ದಲ ಬೇಡ, ರಸ್ತೆ ಬದಿಯ ಕಬ್ಬಿನ ಹಾಲು, ಹಸಿ ತರಕಾರಿ ಬೇಡ, ಕೆಮ್ಮು ಇರುವ ನೆಂಟರು ಬಾಗಿಲಲ್ಲೇ ಮಾತಾಡಿಸಿ ಹೋಗಲಿ.

ಮೇಲೆ ಹಾಕಿದ ಕ್ಯಾಲೆಂಡರನ್ನು ಮತ್ತೊಮ್ಮೆ ನೋಡಿ. ಜುಲೈ 30ರ ಡೋಸಿಗೆ ಅಪಾಯದ ವಾರ ಆಗಸ್ಟ್ 6ರಿಂದ 13. ಕೃಷ್ಣೆ, ದೂಧಗಂಗಾ, ವೇದಗಂಗಾ ತುಂಬಿ ಹರಿಯುವುದು ಅದೇ ಹೊತ್ತಿಗೆ. 2019ರ ಆಗಸ್ಟ್ ಮತ್ತು 2021ರ ಜುಲೈಯಲ್ಲಿ ನಿಪ್ಪಾಣಿ ಬಳಿಯ ಯಮಗರಣಿಯಲ್ಲಿ ಹೆದ್ದಾರಿಯೇ ಮುಳುಗಿ ಕೊಲ್ಹಾಪುರದ ದಾರಿ ಮುಚ್ಚಿತ್ತು. ಆದ್ದರಿಂದ ಮಳೆಗಾಲದಲ್ಲಿ ಕಿಮೋ ನಡೆಯುವವರು ಹೊಳೆಯ ಯಾವ ದಂಡೆಯಲ್ಲಿದ್ದೇವೆ ಎಂದು ಮೊದಲೇ ಯೋಚಿಸಬೇಕು. ಅಥಣಿ, ಕಾಗವಾಡದವರಿಗೆ ಮಿರಜ ಮತ್ತು ವಿಜಯಪುರ ಕೃಷ್ಣೆ ದಾಟದೆ ಸಿಗುತ್ತವೆ, ಬೆಳಗಾವಿಗೆ ದಾಟಬೇಕು. ಚಿಕ್ಕೋಡಿ, ರಾಯಬಾಗದವರಿಗೆ ಬೆಳಗಾವಿ ಈಚೆ ದಂಡೆ, ಮಿರಜಕ್ಕೆ ಹೋಗಲು ಹೊಳೆ ದಾಟಬೇಕು. ನಿಪ್ಪಾಣಿಯವರಿಗೆ ಕೊಲ್ಹಾಪುರದ ದಾರಿ ಕಟ್ಟಾದರೂ ಬೆಳಗಾವಿಯ ಕಡೆ ರಸ್ತೆ ಉಳಿಯಬಹುದು. ಕಿಮೋ ಆಚೆ ದಂಡೆಯಲ್ಲಿ ನಡೆಯುತ್ತಿದ್ದರೂ, ಜ್ವರಕ್ಕೆ ಈಚೆ ದಂಡೆಯ ಯಾವ ಆಸ್ಪತ್ರೆಗೆ ಹೋಗಬೇಕೆಂದು ವೈದ್ಯರಿಂದ ಚೀಟಿ ಬರೆಸಿಕೊಂಡು ಬನ್ನಿ. ಡೋಸಿನ ಹಿಂದಿನ ದಿನವೇ ನೀರು ಏರುತ್ತಿದೆ ಎಂದು ಗೊತ್ತಾದರೆ ಫೋನ್ ಮಾಡಿ. ರಕ್ತಕಣ ಏರಲಿ ಎಂದು ವೈದ್ಯರೇ ಕೆಲವು ಸಲ ಡೋಸನ್ನು ಕೆಲವು ದಿನ ಮುಂದೆ ಹಾಕುವುದುಂಟು, ಎರಡು ಮೂರು ದಿನದ ವ್ಯತ್ಯಾಸದಿಂದ ಚಿಕಿತ್ಸೆ ಕೆಡುವುದಿಲ್ಲ. ನೀರಿನ ಸೇತುವೆಯ ಮೇಲೆ ಟ್ರ್ಯಾಕ್ಟರ್ ಇಳಿಸಿ ರೋಗಿಯನ್ನು ದಾಟಿಸುವ ಸಾಹಸ ಮಾಡಬೇಡಿ.

ಮನೆಯಲ್ಲಿ ಡಿಜಿಟಲ್ ಥರ್ಮಾಮೀಟರ್ ಒಂದಿರಲಿ, ಸೆಲ್ ಸರಿಯಿದೆಯೇ ಎಂದು ನೋಡಿಡಿ. ಫೈಲಿನ ಮೇಲ್ಪುಟದಲ್ಲಿ ದಪ್ಪ ಅಕ್ಷರದಲ್ಲಿ ಹೀಗೆ ಬರೆಯಿರಿ: ಕೊಟ್ಟ ಔಷಧದ ಹೆಸರು, ಕೊಟ್ಟ ತಾರೀಖು, ಇದು ಎಷ್ಟನೇ ಡೋಸ್, ಕೊನೆಯ ಕ್ರಿಯೇಟಿನಿನ್ ಎಷ್ಟು, ಯಾವ ಔಷಧಕ್ಕೆ ಅಲರ್ಜಿ, ಡೇ ಕೇರ್ ವಾರ್ಡಿನ ಫೋನ್ ನಂಬರು, ರಾತ್ರಿ ಗಾಡಿ ತರುವವರ ನಂಬರು. ನಡುರಾತ್ರಿ ಡ್ಯೂಟಿಯಲ್ಲಿರುವ, ಹಿಂದೆ ಎಂದೂ ನಿಮ್ಮನ್ನು ನೋಡದ ಡಾಕ್ಟರಿಗೆ ಆ ಒಂದು ಪುಟ ಕೊಟ್ಟು ‘ಕಿಮೋ ಆಗಿ ಒಂಬತ್ತನೇ ದಿನ, ಜ್ವರ ಬಂದೇತಿ’ ಎಂದರೆ ಸಾಕು, ಚಿಕಿತ್ಸೆ ಆ ಕ್ಷಣದಿಂದಲೇ ಶುರುವಾಗುತ್ತದೆ.